ಬಾಹುಗಳು ಗುಣೋತ್ತರ ಶ್ರೇಢಿಯಲ್ಲಿರುವ ತ್ರಿಭುಜ: ಕೋನಗಳನ್ನು ತಪ್ಪಿಲ್ಲದೆ ಕಂಡುಹಿಡಿಯುವ ಕ್ರಮ

ಬಾಹುಗಳು 4, 6, 9 ಇರುವ ತ್ರಿಭುಜದ ಅತಿ ದೊಡ್ಡ ಕೋನ ಎಷ್ಟು? ಈ ಲೆಕ್ಕಕ್ಕೆ 52.83° ಎಂಬ ಉತ್ತರ ಮತ್ತೆ ಮತ್ತೆ ಬರುತ್ತದೆ. ಸರಿಯಾದ ಉತ್ತರ 127.17°. ಸೂತ್ರ ಗೊತ್ತಿಲ್ಲದೆ ಆಗುವ ತಪ್ಪಲ್ಲ ಇದು. ಸೂತ್ರಗಳನ್ನು ಬಳಸುವ ಕ್ರಮ ಹಿಂದುಮುಂದಾದಾಗ ಆಗುವ ತಪ್ಪು. ಇನ್ನು ಕೆಲವರು 1, 2, 4 ಬಾಹುಗಳ ‘ತ್ರಿಭುಜ’ಕ್ಕೆ ಕೋನ ಹುಡುಕುತ್ತಾ ಕೂರುತ್ತಾರೆ. ಅಂಥ ತ್ರಿಭುಜವೇ ಇಲ್ಲ.

4, 6, 9ರಲ್ಲಿ ಪ್ರತಿ ಬಾಹು ಹಿಂದಿನದರ ಒಂದೂವರೆಯಷ್ಟು; ಹೀಗೆ ಒಂದೇ ಸಂಖ್ಯೆಯಿಂದ ಗುಣಿಸುತ್ತಾ ಹೋಗುವ ಸಾಲೇ ಗುಣೋತ್ತರ ಶ್ರೇಢಿ, ಆ ಸಂಖ್ಯೆಯೇ ಸಾಮಾನ್ಯ ಅನುಪಾತ. ಈ ಜಾತಿಯ ತ್ರಿಭುಜಗಳಲ್ಲಿ ಒಂದು ಅನುಕೂಲವಿದೆ. ಸಾಮಾನ್ಯ ಅನುಪಾತವೆಂಬ ಒಂದೇ ಒಂದು ಸಂಖ್ಯೆ ಮೂರೂ ಕೋನಗಳನ್ನು ನಿರ್ಧರಿಸುತ್ತದೆ. ಬಾಹುಗಳು 4, 6, 9 ಆಗಲಿ, 400, 600, 900 ಆಗಲಿ, ಕೋನ ಬದಲಾಗುವುದಿಲ್ಲ. ಹಾಗಾಗಿ ಮೊದಲು ಅನುಪಾತ, ಆಮೇಲೆ ತ್ರಿಭುಜ ಇದೆಯೇ ಎಂಬ ಪರೀಕ್ಷೆ, ಆಮೇಲೆ ಅದರ ಬಗೆ, ಕೊನೆಗೆ ಕೋನ. ಈ ಸಾಲನ್ನು ಮುರಿಯಬೇಡಿ.

## ಶುರು ಮಾಡುವ ಮುನ್ನ ಬೇಕಾದದ್ದು

ವಿಲೋಮ ಕೊಸೈನ್ ಇರುವ ವೈಜ್ಞಾನಿಕ ಕ್ಯಾಲ್ಕುಲೇಟರ್ ಸಾಕು, ಫೋನಿನಲ್ಲಿರುವುದೂ ನಡೆಯುತ್ತದೆ. ಅದು ಡಿಗ್ರಿ ಮೋಡ್‌ನಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ: 0.5ರ ವಿಲೋಮ ಕೊಸೈನ್ 60 ಎಂದು ಬರಬೇಕು. 1.047 ಬಂದರೆ ರೇಡಿಯನ್ ಮೋಡ್. ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್‌ಗಳು ಯಾವಾಗಲೂ ರೇಡಿಯನ್‌ನಲ್ಲೇ ಉತ್ತರ ಕೊಡುತ್ತವೆ. ಅಲ್ಲಿ ಬಂದದ್ದನ್ನು 180ರಿಂದ ಗುಣಿಸಿ ಪೈನಿಂದ ಭಾಗಿಸಬೇಕು.

ಚಿತ್ರ ಬರೆಯುವವರಿಗೆ ಕೈವಾರ, ಅಳತೆಪಟ್ಟಿ, ಕೋನಮಾಪಕ ಮತ್ತು ಚೂಪಾದ ಪೆನ್ಸಿಲ್ ಬೇಕು.

ಈ ಬರಹದಲ್ಲಿ ಬಳಸಿರುವ ಗುರುತುಗಳು ಇವು. ‘ರ’ ಎಂದರೆ ಸಾಮಾನ್ಯ ಅನುಪಾತ. ‘ಚಿ’ ಎಂದರೆ ಚಿಕ್ಕ ಬಾಹುವಿನ ಎದುರಿನ ಕೋನ, ‘ನ’ ಎಂದರೆ ನಡುವಿನ ಬಾಹುವಿನ ಎದುರಿನ ಕೋನ, ‘ದೊ’ ಎಂದರೆ ದೊಡ್ಡ ಬಾಹುವಿನ ಎದುರಿನ ಕೋನ. ‘ಎದುರಿನ’ ಎಂಬ ಮಾತು ಮುಖ್ಯ. ಬಾಹುವಿಗೆ ತಾಗಿಕೊಂಡಿರುವ ಕೋನವನ್ನು ತೆಗೆದುಕೊಂಡರೆ ಲೆಕ್ಕವೆಲ್ಲ ಅದಲುಬದಲು.

## ಹಂತ 1: ಏರಿಕೆ ಕ್ರಮದಲ್ಲಿ ಬರೆಯಿರಿ, ಶ್ರೇಢಿ ಹೌದೇ ಎಂದು ನೋಡಿ

ಬಾಹುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಪ್ರಶ್ನೆಯಲ್ಲಿ 25, 16, 20 ಎಂದಿದ್ದರೂ ನೀವು ಬರೆಯಬೇಕಾದದ್ದು 16, 20, 25.

ಈಗ ನಡುವಿನ ಬಾಹುವಿನ ವರ್ಗ, ತುದಿಯ ಎರಡು ಬಾಹುಗಳ ಗುಣಲಬ್ಧಕ್ಕೆ ಸಮವೇ ನೋಡಿ. 20 × 20 = 400, 16 × 25 = 400. ಸರಿ ಇದೆ, ಮುಂದುವರಿಯಬಹುದು.

ಅಳೆದು ಬಂದ ಸಂಖ್ಯೆಗಳಾದರೆ ಸ್ವಲ್ಪ ಎಚ್ಚರ ಬೇಕು. 5.1, 6.4, 8.0 ಎಂಬ ಅಳತೆಗಳಲ್ಲಿ ನಡುವಿನದರ ವರ್ಗ 40.96, ತುದಿಗಳ ಗುಣಲಬ್ಧ 40.80. ಇದು ಶ್ರೇಢಿಗೆ ಹತ್ತಿರ ಅಷ್ಟೇ, ಶ್ರೇಢಿಯಲ್ಲ. ಇಂಥ ಕಡೆ ಕೆಳಗಿನ ಅನುಪಾತದ ಸೂತ್ರಗಳನ್ನು ಬಿಟ್ಟು, ಮೂರೂ ಅಳತೆಗಳನ್ನು ನೇರವಾಗಿ ಕೊಸೈನ್ ನಿಯಮಕ್ಕೆ (ಮೂರು ಬಾಹುಗಳಿಂದ ಕೋನ ಕೊಡುವ ಸೂತ್ರ, ಹಂತ 4ರಲ್ಲಿ ನೋಡಿ) ಹಾಕುವುದೇ ಒಳ್ಳೆಯದು.

## ಹಂತ 2: ಅನುಪಾತ ತೆಗೆಯಿರಿ, ತ್ರಿಭುಜ ಇದೆಯೇ ಎಂದು ಖಚಿತಪಡಿಸಿಕೊಳ್ಳಿ

ನಡುವಿನ ಬಾಹುವನ್ನು ಚಿಕ್ಕ ಬಾಹುವಿನಿಂದ ಭಾಗಿಸಿದರೆ ‘ರ’ ಸಿಗುತ್ತದೆ. 4, 6, 9ಕ್ಕೆ ರ = 1.5. ಏರಿಕೆ ಕ್ರಮದಲ್ಲಿ ಬರೆದಿರುವುದರಿಂದ ‘ರ’ 1ಕ್ಕಿಂತ ಕಡಿಮೆ ಬರಲಾರದು. ಬಂದರೆ ಹಂತ 1ಕ್ಕೆ ಹಿಂತಿರುಗಿ.

ಈಗ ತ್ರಿಭುಜವನ್ನು ಮನಸ್ಸಿನಲ್ಲೇ ಕುಗ್ಗಿಸಿ ಬಾಹುಗಳು 1, ರ, ರ² ಎಂದುಕೊಳ್ಳಿ. ಚಿಕ್ಕ ಬಾಹುಗಳೆರಡರ ಮೊತ್ತ ದೊಡ್ಡದನ್ನು ಮೀರಬೇಕು, ಅಂದರೆ 1 + ರ > ರ². ಇದು ಸರಿಹೋಗುವುದು ‘ರ’ ಸುವರ್ಣಾನುಪಾತಕ್ಕಿಂತ, ಅಂದರೆ (1 + √5) ÷ 2 = 1.6180ಕ್ಕಿಂತ ಕಡಿಮೆ ಇದ್ದಾಗ ಮಾತ್ರ. ಉಳಿದೆರಡು ಅಸಮತೆಗಳು ತಾವಾಗಿಯೇ ಸರಿಹೋಗುತ್ತವೆ, ಅವುಗಳ ಮೇಲೆ ಸಮಯ ಹಾಕಬೇಡಿ.

ಇಲ್ಲಿ ಪರೀಕ್ಷೆಯಲ್ಲಿ ಅಂಕ ಕಳೆಯುವ ತಪ್ಪೊಂದಿದೆ. ‘ಸಾಮಾನ್ಯ ಅನುಪಾತದ ವ್ಯಾಪ್ತಿ ಎಷ್ಟು?’ ಎಂದು ಕೇಳಿದಾಗ 0ಯಿಂದ 1.618 ಎಂದು ಗುರುತು ಹಾಕುವವರು ಬಹಳ. ಪ್ರಶ್ನೆಯಲ್ಲಿ ಏರಿಕೆ ಕ್ರಮದ ಮಾತಿಲ್ಲದಿದ್ದರೆ ಶ್ರೇಢಿ ಇಳಿಯಲೂಬಹುದು, ಆಗ 1 ದೊಡ್ಡ ಬಾಹುವಾಗುತ್ತದೆ. ರ + ರ² > 1 ಎಂಬುದನ್ನು ಬಿಡಿಸಿದರೆ ‘ರ’ 0.6180ಕ್ಕಿಂತ ಹೆಚ್ಚಿರಬೇಕು ಎಂದು ಬರುತ್ತದೆ. ಆದ್ದರಿಂದ ಪೂರ್ಣ ಉತ್ತರ: 0.6180ಯಿಂದ 1.6180ರವರೆಗೆ, ಎರಡು ತುದಿಗಳನ್ನು ಬಿಟ್ಟು. ಕೆಳತುದಿ ಮೇಲ್ತುದಿಯ ವ್ಯುತ್ಕ್ರಮ; ಇಳಿಕೆಯ ಶ್ರೇಢಿ ಅದೇ ತ್ರಿಭುಜವನ್ನು ಹಿಂದಿನಿಂದ ಓದಿದ್ದು ಅಷ್ಟೇ.

ಲೆಕ್ಕ ತಯಾರಿಸುವ ಶಿಕ್ಷಕರಿಗೆ ಒಂದು ಮಾತು. ಪೂರ್ಣಾಂಕ ಬಾಹುಗಳು ಬೇಕಾದರೆ ಎರಡು ಸಂಖ್ಯೆ ಆರಿಸಿ, ಮೊದಲನೆಯದರ ವರ್ಗ, ಎರಡರ ಗುಣಲಬ್ಧ, ಎರಡನೆಯದರ ವರ್ಗ ಬರೆಯಿರಿ. 3 ಮತ್ತು 4ರಿಂದ 9, 12, 16 ಬರುತ್ತದೆ. 5 ಮತ್ತು 8ರಿಂದ 25, 40, 64; ಇಲ್ಲಿ 25 + 40 = 65, ಒಂದೇ ಒಂದರ ಅಂತರದಲ್ಲಿ ತ್ರಿಭುಜ ಬದುಕಿತು. 8 ಮತ್ತು 13ರಿಂದ 64, 104, 169. ಮೊತ್ತ 168, ಒಂದೇ ಒಂದರ ಅಂತರದಲ್ಲಿ ಸತ್ತಿತು. ‘ರ’ವನ್ನು 1.6 ಎಂದು ಅಂದಾಜಿಗೆ ಇಳಿಸಿ ಪರೀಕ್ಷಿಸುವವರು ಈ ಕೊನೆಯದನ್ನು ತ್ರಿಭುಜವೆಂದೇ ನಂಬಿ ಮುಂದೆ ಹೋಗುತ್ತಾರೆ. ಗಡಿಯ ಹತ್ತಿರ ಮೊತ್ತವನ್ನೇ ಕೂಡಿ ನೋಡಿ, ಅನುಪಾತವನ್ನು ನಂಬಬೇಡಿ.

## ಹಂತ 3: ಕೋನ ಲೆಕ್ಕಕ್ಕೆ ಮೊದಲೇ ತ್ರಿಭುಜದ ಬಗೆ ಗುರುತಿಸಿ

ಇದು ಒಂದು ಸಾಲಿನ ಕೆಲಸ, ಆದರೆ ಆರಂಭದಲ್ಲಿ ಹೇಳಿದ 52.83°ಯಂಥ ತಪ್ಪನ್ನು ಹಿಡಿಯುವುದು ಇದೇ.

ಲಂಬಕೋನ ಬರಬೇಕಾದರೆ ರ⁴ = ರ² + 1. ರ² ಅನ್ನು ಒಂದೇ ಅಜ್ಞಾತವೆಂದು ನೋಡಿದರೆ ಇದು ವರ್ಗ ಸಮೀಕರಣ, ಅದರ ಧನ ಮೂಲ ಸುವರ್ಣಾನುಪಾತವೇ. ಅಂದರೆ ರ² = 1.6180, ರ = 1.2720. ಕೆಪ್ಲರ್ ತ್ರಿಭುಜ ಎಂದು ಕರೆಯುವುದು ಇದನ್ನೇ, ಕೋನಗಳು 38.17°, 51.83°, 90°.

- ‘ರ’ 1.2720ಕ್ಕಿಂತ ಕಡಿಮೆ: ಮೂರೂ ಲಘುಕೋನಗಳು.
- ‘ರ’ 1.2720ಕ್ಕಿಂತ ಹೆಚ್ಚು, 1.6180ಕ್ಕಿಂತ ಕಡಿಮೆ: ಒಂದು ವಿಶಾಲಕೋನ.

ಕೆಸಿಇಟಿ, ಜೆಇಇಯಂಥ ಪರೀಕ್ಷೆಗಳಲ್ಲಿ ಕ್ಯಾಲ್ಕುಲೇಟರ್ ಇರುವುದಿಲ್ಲ. ಅಲ್ಲಿ ವರ್ಗಗಳನ್ನೇ ಹೋಲಿಸಿ: 16, 20, 25ರಲ್ಲಿ 256 + 400 = 656, ದೊಡ್ಡದರ ವರ್ಗ 625. ಮೊತ್ತ ಹೆಚ್ಚಿದೆ, ಹಾಗಾಗಿ ಲಘುಕೋನ ತ್ರಿಭುಜ. 4, 6, 9ರಲ್ಲಿ 16 + 36 = 52, ದೊಡ್ಡದರ ವರ್ಗ 81. ವಿಶಾಲಕೋನ ತ್ರಿಭುಜ.

ಪೂರ್ಣಾಂಕ ಬಾಹುಗಳಿರುವ, ಗುಣೋತ್ತರ ಶ್ರೇಢಿಯ ಲಂಬಕೋನ ತ್ರಿಭುಜ ಕೇಳಿದರೆ ಹುಡುಕಲು ಹೋಗಬೇಡಿ. ಅದಕ್ಕೆ ಬೇಕಾದ ಅನುಪಾತ ಅಭಾಗಲಬ್ಧ, ಎರಡು ಪೂರ್ಣಾಂಕಗಳ ಭಾಗಲಬ್ಧವಾಗಿ ಅದು ಎಂದೂ ಬರದು.

## ಹಂತ 4: ಮೂರೂ ಕೋನಗಳನ್ನು ಕೊಸೈನ್ ನಿಯಮದಿಂದಲೇ ತೆಗೆಯಿರಿ

ಬಾಹುಗಳು 1, ರ, ರ² ಎಂದು ಕೊಸೈನ್ ನಿಯಮಕ್ಕೆ ಹಾಕಿದರೆ ಸಿಗುವ ಮೂರು ಸೂತ್ರಗಳು (‘ಕಾಸ್’ ಎಂದರೆ ಕೊಸೈನ್):

ಕಾಸ್ ದೊ = (1 + ರ² − ರ⁴) ÷ (2ರ)

ಕಾಸ್ ನ = (ರ² + 1/ರ² − 1) ÷ 2

ಕಾಸ್ ಚಿ = (ರ⁴ + ರ² − 1) ÷ (2ರ³)

ಪೂರ್ಣಾಂಕ ಬಾಹುಗಳಿದ್ದರೆ ಅನುಪಾತದ ಗೊಡವೆ ಬೇಡ, ನೇರವಾಗಿ ಬಾಹುಗಳನ್ನೇ ಹಾಕಿ. ಭಿನ್ನರಾಶಿ ಶುದ್ಧವಾಗಿ ಉಳಿಯುತ್ತದೆ. 4, 6, 9ಕ್ಕೆ:

ಕಾಸ್ ದೊ = (16 + 36 − 81) ÷ (2 × 4 × 6) = −29/48, ದೊ = 127.17°

ಕಾಸ್ ನ = (16 + 81 − 36) ÷ (2 × 4 × 9) = 61/72, ನ = 32.09°

ಕಾಸ್ ಚಿ = (36 + 81 − 16) ÷ (2 × 6 × 9) = 101/108, ಚಿ = 20.74°

ಮೊತ್ತ 180.00°.

ದೊಡ್ಡ ಕೋನದಿಂದ ಶುರು ಮಾಡುವುದಕ್ಕೆ ಕಾರಣವಿದೆ. ಕೊಸೈನ್ 90° ದಾಟಿದ ಕೂಡಲೇ ಋಣವಾಗುತ್ತದೆ, ಹಾಗಾಗಿ ವಿಲೋಮ ಕೊಸೈನ್‌ಗೆ ಲಘುಕೋನ, ವಿಶಾಲಕೋನಗಳ ನಡುವೆ ಗೊಂದಲವಿಲ್ಲ. ಸೈನ್ ಹಾಗಲ್ಲ. 127.17°ಗೂ 52.83°ಗೂ ಸೈನ್ ಒಂದೇ, 0.7969. ವಿಲೋಮ ಸೈನ್ ಒತ್ತಿದರೆ ಕ್ಯಾಲ್ಕುಲೇಟರ್ ಯಾವಾಗಲೂ ಲಘುಕೋನವನ್ನೇ ಕೊಡುತ್ತದೆ. ಚಿಕ್ಕ ಕೋನವನ್ನು ಕೊಸೈನ್‌ನಿಂದ ತೆಗೆದು, ಉಳಿದದ್ದಕ್ಕೆ ಸೈನ್ ನಿಯಮ (ಬಾಹುಗಳು ಎದುರುಕೋನಗಳ ಸೈನ್‌ಗೆ ಅನುಪಾತದಲ್ಲಿರುತ್ತವೆ ಎಂಬುದು) ಹಚ್ಚುವವರು ಬೀಳುವುದು ಇಲ್ಲೇ. ಆಗ ಮೊತ್ತ 20.74 + 32.09 + 52.83 = 105.66° ಆಗುತ್ತದೆ, ಆದರೆ ಮೊತ್ತ ಮಾಡಿ ನೋಡುವವರು ಯಾರು?

ಅದಕ್ಕೇ ಮೂರನೆಯ ಕೋನವನ್ನು 180ರಿಂದ ಕಳೆದು ತೆಗೆಯಬೇಡಿ ಎನ್ನುವುದು. ಕಳೆದರೆ ಮೊತ್ತ ತಾನಾಗಿಯೇ 180 ಆಗುತ್ತದೆ, ತಪ್ಪು ಹಿಡಿಯುವ ದಾರಿಯೇ ಮುಚ್ಚಿಹೋಗುತ್ತದೆ. ಮೂರನ್ನೂ ಬೇರೆಬೇರೆಯಾಗಿ ತೆಗೆದರೆ ಒಂದು ನಿಮಿಷ ಹೆಚ್ಚು ಹಿಡಿಯಬಹುದು, ಉತ್ತರಕ್ಕೆ ಸಾಕ್ಷಿ ಸಿಗುತ್ತದೆ.

ಕ್ಯಾಲ್ಕುಲೇಟರ್‌ನಲ್ಲಿ ಛೇದಕ್ಕೆ ಆವರಣ ಹಾಕುವುದನ್ನು ಮರೆಯಬೇಡಿ. −29 ÷ 2 × 4 × 6 ಎಂದು ಒತ್ತಿದರೆ ಅದು −348 ಎನ್ನುತ್ತದೆ; ಅದರ ವಿಲೋಮ ಕೊಸೈನ್ ಕೇಳಿದರೆ ಎರರ್.

## ಹಂತ 5: ತಾಳೆ ನೋಡುವ ನಾಲ್ಕು ದಾರಿ

ಮೊತ್ತ 180 ಆಗಬೇಕು ಎಂಬುದು ಮೊದಲನೆಯದು. 0.01°ಯಷ್ಟು ಹೆಚ್ಚುಕಡಿಮೆ ಬಂದರೆ ಅದು ದಶಮಾಂಶ ಕತ್ತರಿಸಿದ್ದರ ಫಲ, ತಪ್ಪಲ್ಲ. ಅದಕ್ಕಿಂತ ಹೆಚ್ಚಾದರೆ ಹುಡುಕಿ.

ಎರಡನೆಯದು ಮಿತಿಗಳ ಪರೀಕ್ಷೆ. ರ² + 1/ರ² ಎಂದೂ 2ಕ್ಕಿಂತ ಕಡಿಮೆಯಾಗದು, ಹಾಗಾಗಿ ಕಾಸ್ ನ ಎಂದೂ 1/2ಕ್ಕಿಂತ ಕಡಿಮೆಯಾಗದು. ಅರ್ಥ: ನಡುವಿನ ಕೋನ 60° ಮೀರುವುದಿಲ್ಲ. ಸಾಮಾನ್ಯ ತ್ರಿಭುಜಗಳಲ್ಲಿ ನಡುವಿನ ಕೋನ 90°ಯ ಹತ್ತಿರ ಹೋಗಬಲ್ಲದು. ಇಲ್ಲಿ ಆ ಸ್ವಾತಂತ್ರ್ಯವಿಲ್ಲ. ನಿಮ್ಮ ಉತ್ತರದಲ್ಲಿ ನಡುವಿನ ಕೋನ 65° ಬಂದಿದ್ದರೆ ಮುಂದೆ ಓದಬೇಕಾಗಿಲ್ಲ, ಅದು ತಪ್ಪು. ದೊಡ್ಡ ಕೋನ 60°ಗಿಂತ ಕೆಳಗಿಳಿಯದು. ಸರಿಯಾಗಿ 60° ಆಗುವುದು ಮೂರೂ ಬಾಹು ಸಮವಿದ್ದಾಗ ಮಾತ್ರ.

ಈ ಮಿತಿಯಿಂದಲೇ ಪರೀಕ್ಷೆಯ ಹಳೇ ಪ್ರಶ್ನೆಯೊಂದು ಒಂದು ಸಾಲಿನಲ್ಲಿ ಮುಗಿಯುತ್ತದೆ. ಬಾಹುಗಳು ಗುಣೋತ್ತರ ಶ್ರೇಢಿಯಲ್ಲೂ ಕೋನಗಳು ಸಮಾಂತರ ಶ್ರೇಢಿಯಲ್ಲೂ ಇದ್ದರೆ ತ್ರಿಭುಜ ಯಾವುದು? ಸಮಾಂತರ ಶ್ರೇಢಿಯಾದರೆ ನಡುವಿನ ಕೋನ 60°. ಅದಕ್ಕೆ ಇಲ್ಲಿ ಇರುವುದು ಒಂದೇ ಸಾಧ್ಯತೆ, ಸಮಬಾಹು ತ್ರಿಭುಜ.

ಮೂರನೆಯದು ಸೈನ್‌ಗಳ ಪರೀಕ್ಷೆ. ಬಾಹುಗಳು ಎದುರುಕೋನಗಳ ಸೈನ್‌ಗೆ ಅನುಪಾತದಲ್ಲಿರುವುದರಿಂದ, ನಡುವಿನ ಕೋನದ ಸೈನ್‌ನ ವರ್ಗ ಉಳಿದೆರಡು ಸೈನ್‌ಗಳ ಗುಣಲಬ್ಧಕ್ಕೆ ಸಮ. 4, 6, 9ರಲ್ಲಿ ಎರಡೂ ಕಡೆ 0.2822. ಸೈನ್‌ಗಳು ಗುಣೋತ್ತರ ಶ್ರೇಢಿಯಲ್ಲಿರುತ್ತವೆ, ಕೋನಗಳಲ್ಲ. 20.74, 32.09, 127.17 ಇವುಗಳಲ್ಲಿ ಮೊದಲ ಅನುಪಾತ ಸುಮಾರು 1.55, ಎರಡನೆಯದು ಸುಮಾರು 3.96. ಕೋನಗಳೂ ಶ್ರೇಢಿಯಲ್ಲಿವೆ ಎಂದುಕೊಂಡು 180ನ್ನು ಮೂರು ಭಾಗ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಒಂದು ಎಚ್ಚರಿಕೆ: 52.83°ಯ ತಪ್ಪನ್ನು ಈ ಪರೀಕ್ಷೆ ಹಿಡಿಯಲಾರದು, ಏಕೆಂದರೆ ಸೈನ್ ಎರಡಕ್ಕೂ ಒಂದೇ.

ನಾಲ್ಕನೆಯದು ಈ ಪಟ್ಟಿ. ನಿಮ್ಮ ಉತ್ತರ ಅಕ್ಕಪಕ್ಕದ ಸಾಲುಗಳ ನಡುವೆ ಬೀಳಬೇಕು.

| ರ | ಚಿ | ನ | ದೊ |
|---|---|---|---|
| 1.00 | 60.00° | 60.00° | 60.00° |
| 1.10 | 51.03° | 58.79° | 70.18° |
| 1.20 | 43.34° | 55.44° | 81.22° |
| 1.2720 | 38.17° | 51.83° | 90.00° |
| 1.30 | 36.19° | 50.14° | 93.66° |
| 1.40 | 28.96° | 42.68° | 108.35° |
| 1.50 | 20.74° | 32.09° | 127.17° |
| 1.60 | 7.93° | 12.76° | 159.31° |

‘ರ’ ಹೆಚ್ಚಿದಂತೆ ಚಿಕ್ಕ ಕೋನ, ನಡುಕೋನ ಎರಡೂ ಇಳಿಯುತ್ತಲೇ ಹೋಗುತ್ತವೆ, ದೊಡ್ಡದು ಏರುತ್ತಲೇ ಹೋಗುತ್ತದೆ. ನಡುವೆ ಎಲ್ಲೂ ತಿರುವಿಲ್ಲ. ಆದ್ದರಿಂದ ಒಂದು ಕೋನ ಗೊತ್ತಾದರೆ, ಅದು ಯಾವ ಬಾಹುವಿನ ಎದುರಿನದೆಂದೂ ಗೊತ್ತಿದ್ದರೆ, ತ್ರಿಭುಜದ ಆಕಾರ ಒಂದೇ.

ಪಟ್ಟಿಯ ಕೊನೆಯ ಸಾಲುಗಳನ್ನು ಗಮನಿಸಿ. 1.00ದಿಂದ 1.10ಕ್ಕೆ ದೊಡ್ಡ ಕೋನ 10°ಯಷ್ಟು ಏರಿದರೆ, 1.50ರಿಂದ 1.60ಕ್ಕೆ 32° ಏರುತ್ತದೆ. ಗಡಿಗೆ ಇನ್ನೂ ಹತ್ತಿರ ಹೋದರೆ ಪರಿಸ್ಥಿತಿ ಕೆಡುತ್ತದೆ: 1.61ಕ್ಕೆ 166.19°, 1.618ಕ್ಕೆ 179.10°. ಅನುಪಾತದ ಮೂರನೆಯ ದಶಮಾಂಶ ಬದಲಾದದ್ದಕ್ಕೆ ಕೋನ ಸುಮಾರು 13° ಜಿಗಿಯಿತು. 1.5 ದಾಟಿದ ಮೇಲೆ ‘ರ’ವನ್ನು ಕನಿಷ್ಠ ಐದು ದಶಮಾಂಶ ಸ್ಥಾನಗಳವರೆಗೆ ಇಟ್ಟುಕೊಳ್ಳಿ. ಕಡಿಮೆ ಅನುಪಾತಗಳಲ್ಲೂ ಇದು ಸ್ವಲ್ಪ ಕಾಡುತ್ತದೆ: ಕೆಪ್ಲರ್ ತ್ರಿಭುಜಕ್ಕೆ 1.2720ರ ಬದಲು 1.27 ಹಾಕಿದರೆ 90° ಬರಬೇಕಾದ ಕಡೆ 89.74° ಬರುತ್ತದೆ.

## ಹಂತ 6: ಕೋನ ಕೊಟ್ಟು ಅನುಪಾತ ಕೇಳಿದಾಗ

ಯಾವ ಕೋನ ಕೊಟ್ಟಿದ್ದಾರೆ ಎಂಬುದರ ಮೇಲೆ ಕೆಲಸದ ಭಾರ ನಿಂತಿದೆ.

ನಡುವಿನ ಕೋನ ಕೊಟ್ಟರೆ ಸುಲಭ. ರ² + 1/ರ² = 1 + 2 ಕಾಸ್ ನ. ರ²ನ್ನು ‘ತ’ ಎಂದು ಕರೆದರೆ ತ² − (1 + 2 ಕಾಸ್ ನ) ತ + 1 = 0, ಮಾಮೂಲಿ ವರ್ಗ ಸಮೀಕರಣ. ನ = 45° ಎಂದಿಟ್ಟುಕೊಳ್ಳಿ. ಆವರಣದೊಳಗಿನದು 2.41421. ದೊಡ್ಡ ಮೂಲ ತ = 1.88320, ಅದರ ವರ್ಗಮೂಲ ರ = 1.3723. ಚಿಕ್ಕ ಮೂಲ ಇದರ ವ್ಯುತ್ಕ್ರಮ. ಅದು ಬೇರೆ ತ್ರಿಭುಜವಲ್ಲ, ಇಳಿಕೆ ಕ್ರಮದಲ್ಲಿ ಬರೆದದ್ದು. ಎರಡು ಉತ್ತರಗಳಿವೆ ಎಂದು ಬರೆಯಬೇಡಿ. ಮತ್ತೊಂದು ಮಾತು: ‘ತ’ ಸಿಕ್ಕ ಖುಷಿಯಲ್ಲಿ ವರ್ಗಮೂಲ ತೆಗೆಯಲು ಮರೆಯುವವರಿದ್ದಾರೆ. 1.883 ಎಂಬುದು 1.618ನ್ನು ಮೀರಿದೆ, ಅಲ್ಲೇ ಅನುಮಾನ ಬರಬೇಕು.

ಅನುಪಾತದ ಗೊಡವೆಯಿಲ್ಲದೆ ಉಳಿದ ಕೋನಗಳೇ ಬೇಕಾದರೆ ಇನ್ನೊಂದು ದಾರಿಯಿದೆ:

ಕಾಸ್(ದೊ − ಚಿ) = 1 − ಕಾಸ್ ನ − ಕಾಸ್ 2ನ

ನ = 45°ಗೆ ಬಲಬದಿ 0.29289, ಅಂದರೆ ದೊ − ಚಿ = 72.97°. ಎರಡರ ಮೊತ್ತ 135°. ಕೂಡಿ ಅರ್ಧ ಮಾಡಿದರೆ ದೊ = 103.98°, ಕಳೆದು ಅರ್ಧ ಮಾಡಿದರೆ ಚಿ = 31.02°. ಈ ಸಮೀಕರಣವನ್ನೇ ‘ಸಾಧಿಸಿ’ ಎಂದು ಕೇಳುವುದುಂಟು. ಸೈನ್‌ಗಳ ಗುಣಲಬ್ಧವನ್ನು ಕೊಸೈನ್‌ಗಳ ವ್ಯತ್ಯಾಸವಾಗಿ ಬರೆದರೆ ಎರಡೇ ಸಾಲಿನಲ್ಲಿ ಬರುತ್ತದೆ.

ದೊಡ್ಡ ಕೋನ ಕೊಟ್ಟರೆ ಸಮೀಕರಣ ನಾಲ್ಕನೆಯ ಘಾತಕ್ಕೆ ಏರುತ್ತದೆ: ರ⁴ − ರ² + (2 ಕಾಸ್ ದೊ) ರ − 1 = 0. ಹೆದರುವ ಮುನ್ನ ಅಪವರ್ತನ ಆಗುತ್ತದೆಯೇ ನೋಡಿ. ದೊ = 120° ಆದಾಗ ಇದು ರ⁴ − ರ² − ರ − 1 = 0. ರ = −1 ಇದರ ಒಂದು ಮೂಲ, ಆದ್ದರಿಂದ (ರ + 1)(ರ³ − ರ² − 1) ಎಂದು ಒಡೆಯುತ್ತದೆ. ಋಣ ಮೂಲ ಬಾಹುಗಳಿಗೆ ಸಲ್ಲದು, ಬಿಟ್ಟುಬಿಡಿ. ಉಳಿದ ರ³ = ರ² + 1 ಎಂಬುದರಿಂದ ರ = 1.46557. ಕೋನಗಳು 23.78°, 36.22°, 120°.

ಚಿಕ್ಕ ಕೋನ ಕೊಟ್ಟರೆ ರ⁴ − (2 ಕಾಸ್ ಚಿ) ರ³ + ರ² − 1 = 0. ಇದು ಸಾಮಾನ್ಯವಾಗಿ ಒಡೆಯುವುದಿಲ್ಲ. ಅರ್ಧಿಸುವ ವಿಧಾನವೇ ಗತಿ, ಅಂದರೆ ಮೂಲ ಇರುವ ಅಂತರವನ್ನು ಕಿರಿದು ಮಾಡುತ್ತಾ ಹೋಗುವುದು. 1 ಮತ್ತು 1.618ರ ನಡುವೆ ಒಂದೇ ಮೂಲ ಇದೆ, ಹಾಗಾಗಿ ದಾರಿ ತಪ್ಪುವ ಭಯವಿಲ್ಲ. ಚಿ = 30°ಗೆ ಮಾಡಿ ನೋಡೋಣ. ಎಡಬದಿಯ ಬೆಲೆಗಳು:

1. ರ = 1: −0.732. ಮೂಲ ಇದಕ್ಕಿಂತ ಮೇಲೆ.
2. ರ = 1.4: +0.049. ಮೂಲ ಇದಕ್ಕಿಂತ ಕೆಳಗೆ, ಆದರೆ ಹತ್ತಿರ. ಪಟ್ಟಿಯಲ್ಲೂ 1.4ಕ್ಕೆ 28.96° ಇದೆ, ಆದ್ದರಿಂದ ಇಲ್ಲಿಂದಲೇ ಶುರು ಮಾಡಬಹುದಿತ್ತು.
3. ರ = 1.38: −0.021.
4. ರ = 1.386: −0.0004.
5. ಚಿಹ್ನೆ ಬದಲಾಗುವುದು 1.386ರ ತುಸು ಮೇಲೆ; ರ = 1.3861.

ಇದರಿಂದ ನ = 43.87°, ದೊ = 106.13°.

ಒಂದು ಕೋನ ಇನ್ನೊಂದರ ಎರಡರಷ್ಟು ಎಂದು ಕೊಟ್ಟಿದ್ದರೆ ಕೊಸೈನ್‌ಗೆ ಹೋಗದೆ ಬಾಹುಗಳಲ್ಲೇ ಮುಗಿಸಿ. ತ್ರಿಭುಜದಲ್ಲಿ ಒಂದು ಕೋನ ಇನ್ನೊಂದರ ಎರಡರಷ್ಟಿದ್ದರೆ, ದೊಡ್ಡದರ ಎದುರುಬಾಹುವಿನ ವರ್ಗ = ಚಿಕ್ಕದರ ಎದುರುಬಾಹು × (ಅದೇ ಬಾಹು + ಮೂರನೆಯ ಬಾಹು). ದೊ = 2ನ ಆದರೆ ರ⁴ = ರ(ರ + 1), ಅಂದರೆ ರ³ = ರ + 1, ರ = 1.32472, ಕೋನಗಳು 34.44°, 48.52°, 97.04°. ದೊ = 2ಚಿ ಆದರೆ ರ⁴ = ರ + 1, ರ = 1.22074, ಕೋನಗಳು 41.83°, 54.51°, 83.66°. ನ = 2ಚಿ ಆದರೆ? ರ² = 1 + ರ² ಎಂದು ಬರುತ್ತದೆ, ಅದು ಅಸಾಧ್ಯ. ನಡುವಿನ ಕೋನ ಚಿಕ್ಕದರ ಎರಡರಷ್ಟಾಗುವ ತ್ರಿಭುಜ ಈ ಜಾತಿಯಲ್ಲಿ ಇಲ್ಲವೇ ಇಲ್ಲ.

## ಹಂತ 7: ಎರಡೇ ಬಾಹು ಕೊಟ್ಟಾಗ

‘ಬಾಹುಗಳು ಗುಣೋತ್ತರ ಶ್ರೇಢಿಯಲ್ಲಿವೆ, ಎರಡು ಬಾಹು 8 ಮತ್ತು 12’ ಎಂದರೆ 18 ಎಂದು ಬರೆದು ಮುಂದೆ ಹೋಗಬೇಡಿ. ಕಾಣದ ಬಾಹು ಮೂರು ಜಾಗಗಳಲ್ಲಿ ಕೂರಬಹುದು:

- ಕೊನೆಯಲ್ಲಿ: 8, 12, 18. ಅನುಪಾತ 1.5.
- ಮೊದಲಲ್ಲಿ: 5.33, 8, 12. ಅನುಪಾತ 1.5.
- ನಡುವೆ: 8, 9.80, 12. ಅನುಪಾತ 1.5ರ ವರ್ಗಮೂಲ, 1.2247.

ಮೂರಕ್ಕೂ ಹಂತ 2ರ ಪರೀಕ್ಷೆ ಮಾಡಿ. ಇಲ್ಲಿ ಮೂರೂ ತ್ರಿಭುಜಗಳೇ. ಮೊದಲೆರಡರ ಕೋನಗಳು ಒಂದೇ (20.74°, 32.09°, 127.17°), ಮೂರನೆಯದರದ್ದು ಬೇರೆ (41.54°, 54.31°, 84.14°). ಎರಡು ಬಾಹುಗಳ ಅನುಪಾತ 1.618 ದಾಟಿದ್ದರೆ ಮೊದಲೆರಡು ಸಾಧ್ಯತೆ ಬಿದ್ದುಹೋಗುತ್ತವೆ: 4 ಮತ್ತು 9 ಕೊಟ್ಟರೆ ಉಳಿಯುವುದು ನಡುವಿನ 6 ಮಾತ್ರ. ಅನುಪಾತ 2.618 ದಾಟಿದರೆ ಅದೂ ಇಲ್ಲ.

ಇಲ್ಲೇ ಸರ್ವಸಮತೆಯ ಬಲೆಯೊಂದಿದೆ. 8, 12, 18 ಮತ್ತು 12, 18, 27 ಈ ಎರಡು ತ್ರಿಭುಜಗಳನ್ನು ನೋಡಿ. ಮೂರೂ ಕೋನಗಳು ಸಮ. 12 ಮತ್ತು 18 ಬಾಹುಗಳು ಎರಡರಲ್ಲೂ ಇವೆ. ಆರು ಭಾಗಗಳಲ್ಲಿ ಐದು ಸಮವಾದರೂ ಇವು ಸರ್ವಸಮವಲ್ಲ, ಸಮರೂಪ ಮಾತ್ರ, ಏಕೆಂದರೆ ಸಮ ಬಾಹುಗಳು ಸಮ ಕೋನಗಳ ಎದುರು ಕೂತಿಲ್ಲ. ಮೊದಲನೆಯದರಲ್ಲಿ 12 ನಡುವಿನ ಬಾಹು, ಎರಡನೆಯದರಲ್ಲಿ ಅದು ಚಿಕ್ಕದು. ಐದು ಭಾಗ ಸಮವಿದ್ದೂ ಸರ್ವಸಮವಾಗದ ಜೋಡಿ ಸಿಗುವುದು ಬಾಹುಗಳು ಗುಣೋತ್ತರ ಶ್ರೇಢಿಯಲ್ಲಿದ್ದಾಗ ಮಾತ್ರ. ಎಷ್ಟು ಭಾಗ ಸಮ ಎಂದು ಎಣಿಸುವ ಬದಲು ಯಾವುದರ ಎದುರು ಯಾವುದು ಎಂದು ನೋಡಿ.

## ಹಂತ 8: ಕಾಗದದ ಮೇಲೆ ಬರೆಯುವಾಗ

4, 6, 9 ಸೆಂಟಿಮೀಟರ್ ತ್ರಿಭುಜ ಮೊದಲ ಪ್ರಯತ್ನಕ್ಕೆ ಸೂಕ್ತ. 9 ಸೆಂಮೀ ಪಾದ ಎಳೆಯಿರಿ, ಒಂದು ತುದಿಯಿಂದ 4, ಇನ್ನೊಂದರಿಂದ 6 ಸೆಂಮೀ ತ್ರಿಜ್ಯದ ಕಂಸ ಹಾಕಿ. ಕಂಸಗಳು ಪರಸ್ಪರ ಸುಮಾರು 53° ಕೋನದಲ್ಲಿ ಕತ್ತರಿಸುತ್ತವೆ, ಛೇದನಬಿಂದು ಸ್ಪಷ್ಟವಾಗಿ ಕಾಣುತ್ತದೆ.

25, 40, 64 ಮಿಲಿಮೀಟರ್ ಆದರೆ ಕಥೆ ಬೇರೆ. ಕಂಸಗಳು ಸುಮಾರು 21°ಯಲ್ಲಿ ಓರೆಯಾಗಿ ಸೇರುತ್ತವೆ, ಪೆನ್ಸಿಲ್ ಗೆರೆಯ ದಪ್ಪವೇ ಬಿಂದುವನ್ನು ನುಂಗುತ್ತದೆ. ತ್ರಿಭುಜದ ಎತ್ತರ 5.5 ಮಿಮೀ ಮಾತ್ರ. ಕೈವಾರ ಒಂದು ಮಿಲಿಮೀಟರ್ ಜಾರಿ 40ರ ಬದಲು 39 ಆದರೆ 25 + 39 = 64; ಕಂಸಗಳು ಪಾದದ ಮೇಲೆ ಬರೀ ಮುಟ್ಟುತ್ತವೆ, ತ್ರಿಭುಜವಿಲ್ಲ. ಬರೆಯಲೇಬೇಕಾದರೆ ಎಲ್ಲವನ್ನೂ ಕನಿಷ್ಠ ಎರಡರಷ್ಟು ದೊಡ್ಡದು ಮಾಡಿ.

ಕೆಪ್ಲರ್ ತ್ರಿಭುಜವನ್ನು ಅಳತೆಪಟ್ಟಿಯ ದಶಮಾಂಶ ನಂಬದೆ ಬರೆಯುವ ಕ್ರಮ:

1. 5 ಸೆಂಮೀ ಬಾಹುವಿನ ಚೌಕ ಬರೆಯಿರಿ. ಕೆಳಬಾಹುವನ್ನು ಬಲಕ್ಕೆ, ಮೇಲ್ಬಾಹುವನ್ನೂ ಬಲಕ್ಕೆ ಉದ್ದ ಮಾಡಿ.
2. ಕೆಳಬಾಹುವಿನ ಮಧ್ಯಬಿಂದುವಿನಲ್ಲಿ ಕೈವಾರ ಊರಿ, ಬಲ ಮೇಲ್ಮೂಲೆಯವರೆಗೆ ತೆರೆಯಿರಿ. ತೆರಪು 5.59 ಸೆಂಮೀ.
3. ಅದೇ ತೆರಪಿನಲ್ಲಿ ಕೆಳಗೆರೆಯನ್ನು ಬಲಗಡೆ ಕತ್ತರಿಸಿ. ಎಡ ಕೆಳಮೂಲೆಯಿಂದ ಆ ಬಿಂದುವಿಗೆ 8.09 ಸೆಂಮೀ ಇರಬೇಕು.
4. ಎಡ ಕೆಳಮೂಲೆಯಲ್ಲಿ ಕೈವಾರ ಊರಿ, 8.09ರ ತೆರಪಿನಿಂದ ಮೇಲ್ಗೆರೆಯನ್ನು ಕತ್ತರಿಸಿ. ಎಡ ಮೇಲ್ಮೂಲೆಯಿಂದ ಅಲ್ಲಿಗೆ 6.36 ಸೆಂಮೀ.
5. ಎಡ ಕೆಳಮೂಲೆ, ಎಡ ಮೇಲ್ಮೂಲೆ, ಹೊಸ ಬಿಂದು ಇವು ಮೂರನ್ನು ಸೇರಿಸಿ. ಬಾಹುಗಳು 5, 6.36, 8.09; ಲಂಬಕೋನ ಎಡ ಮೇಲ್ಮೂಲೆಯಲ್ಲಿ.

ಕೋನಮಾಪಕದಲ್ಲಿ ಉಳಿದ ಕೋನಗಳು 38° ಮತ್ತು 52° ತೋರಿಸಬೇಕು. 3ನೇ ಹೆಜ್ಜೆಯಲ್ಲಿ 8.09ರ ಬದಲು 10.59 ಸೆಂಮೀ ಸಿಕ್ಕಿದ್ದರೆ ಕೈವಾರವನ್ನು ಮಧ್ಯಬಿಂದುವಿನ ಬದಲು ಬಲ ಕೆಳಮೂಲೆಯಲ್ಲಿ ಊರಿದ್ದೀರಿ.

## ಲೆಕ್ಕ ಕೆಟ್ಟಿದೆ ಎಂದು ಹೇಳುವ ಗುರುತುಗಳು

ಕ್ಯಾಲ್ಕುಲೇಟರ್ ಎರರ್ ತೋರಿಸುತ್ತದೆ. ಕೊಸೈನ್ −1ರಿಂದ 1ರ ಆಚೆ ಹೋಗಿದೆ. ಛೇದದ ಆವರಣ ನೋಡಿ. ಅದು ಸರಿಯಿದ್ದರೆ ತ್ರಿಭುಜವೇ ಇಲ್ಲ: ರ = 1.62ಕ್ಕೆ ಕಾಸ್ ದೊ −1.007 ಬರುತ್ತದೆ.

ಮೊತ್ತ 3.14 ಅಥವಾ 200. ಮೊದಲನೆಯದು ರೇಡಿಯನ್ ಮೋಡ್, ಎರಡನೆಯದು ಗ್ರಾಡ್ ಮೋಡ್ (ಲಂಬಕೋನವನ್ನು 100 ಭಾಗ ಮಾಡುವ ಅಳತೆ). 4, 6, 9ರ ದೊಡ್ಡ ಕೋನ ಕ್ರಮವಾಗಿ 2.22 ಮತ್ತು 141.30 ಎಂದು ಕಾಣುತ್ತದೆ. 141.30 ನೋಡಲು ಸಹಜವಾಗಿರುವುದರಿಂದ ಇದೇ ಹೆಚ್ಚು ಅಪಾಯ.

ಮೊತ್ತ 180ಕ್ಕಿಂತ ಬಹಳ ಕಡಿಮೆ, ಕೋನಗಳೆಲ್ಲ ಲಘು. ವಿಲೋಮ ಸೈನ್ ಬಳಸಿದ್ದೀರಿ. ದೊಡ್ಡ ಕೋನವನ್ನು 180ರಿಂದ ಕಳೆದು ಮತ್ತೆ ಮೊತ್ತ ಮಾಡಿ.

ಮೂರರಲ್ಲಿ ನಡುವಿನ ಅಳತೆಯ ಕೋನ 60° ಮೀರಿದೆ. ಬಾಹುಗಳು ಶ್ರೇಢಿಯಲ್ಲಿಲ್ಲ, ಇಲ್ಲವೇ ಒಂದು ಬಾಹುವನ್ನು ತಪ್ಪಾಗಿ ಒತ್ತಿದ್ದೀರಿ. ಹಂತ 1ರ ವರ್ಗದ ಪರೀಕ್ಷೆ ಮಾಡಿ.

ಸಮೀಕರಣ ಬಿಡಿಸಿ ಬಂದ ‘ರ’ ಋಣ, ಅಥವಾ 0.618ಕ್ಕಿಂತ ಕಡಿಮೆ, ಅಥವಾ 1.618ಕ್ಕಿಂತ ಹೆಚ್ಚು. ಋಣವಾದರೆ ಬಿಟ್ಟುಬಿಡಿ, ಇನ್ನೊಂದು ಮೂಲ ಹುಡುಕಿ. 1.618 ಮೀರಿದ್ದರೆ ವರ್ಗಮೂಲ ತೆಗೆದಿದ್ದೀರಾ ಎಂದು ಮೊದಲು ನೋಡಿ. ತೆಗೆದ ಮೇಲೂ ಮೀರಿದ್ದರೆ ಸಮೀಕರಣವನ್ನು ಬರೆಯುವಲ್ಲೋ ಬಿಡಿಸುವಲ್ಲೋ ತಪ್ಪಿದ್ದೀರಿ.